ಎರಡು ಮನೆಯ ಮಗು

ಅಣ್ಣತಮ್ಮಂದಿರು ಬೇರೆಯಾಗುವ ದಿನ ಮನೆಯ ಸಾಮಾನೆಲ್ಲ ಹಜಾರಕ್ಕೆ ಬರುತ್ತದೆ. ಪಾತ್ರೆಗಳನ್ನು ಎಣಿಸುತ್ತಾರೆ, ಚಿನ್ನವನ್ನು ತೂಗುತ್ತಾರೆ, ಹೊಲದ ಬದುವನ್ನು ಅಳೆಯುತ್ತಾರೆ. ಹೀಗೆ ಹಂಚುತ್ತ ಹೋದಂತೆ ಪಾಲಿಗೆ ಒಗ್ಗದ ಕೆಲವು ವಸ್ತುಗಳು ಎದುರಾಗುವುದುಂಟು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಅಂಥ ವಸ್ತುಗಳ ವಿಚಾರವನ್ನೂ ಬಿಟ್ಟಿಲ್ಲ. ಬಾವಿಯನ್ನು ಬೆಲೆ ಕಟ್ಟಿ ಹಂಚತಕ್ಕದ್ದಲ್ಲ, ಸರದಿಯ ಮೇಲೆ ಬಳಸಿಕೊಳ್ಳತಕ್ಕದ್ದು ಎಂಬುದು ಅವನ ನಿರ್ಣಯ. ಮಿತಾಕ್ಷರೆಯ ಹೆಸರನ್ನೇ ಕೇಳದ ಹಳ್ಳಿಯ ಪಂಚಾಯಿತರೂ ಇದೇ ನಿರ್ಣಯಕ್ಕೆ ಬರುತ್ತಿದ್ದರು. ಒಂದು ಮನೆಯವರು ಬೆಳಗ್ಗೆ ಸೇದಿದರೆ ಇನ್ನೊಂದು ಮನೆಯವರು ಸಂಜೆ ಸೇದುವರು. ಬಾವಿ ಇಬ್ಬರದೂ ಆಗಿ ಉಳಿಯುವುದು.

ಗಂಡಹೆಂಡಿರು ಬೇರೆಯಾಗುವಾಗಲೂ ಪಾಲಿಗೆ ಒಗ್ಗದುದು ಒಂದು ಉಳಿಯುತ್ತದೆ. ಒಡವೆ ಅವಳಿಗೆ, ಮನೆಯ ಸಾಲ ಇವನಿಗೆ ಎಂದು ತೀರ್ಮಾನವಾದ ಮೇಲೆ, ಮೂಲೆಯಲ್ಲಿ ಶಾಲೆಯ ಚೀಲವನ್ನು ತಬ್ಬಿಕೊಂಡು ಕುಳಿತಿರುವ ಮಗುವಿನ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ 2013ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಕೊಟ್ಟ ಉತ್ತರವೂ ಸರದಿಯ ಉತ್ತರವೇ. ಪ್ರತಿ ವರ್ಷ ಜನವರಿ 1ರಿಂದ ಜೂನ್ 30ರವರೆಗೆ ಬಾಲಕನು ತಂದೆಯ ಬಳಿ ಇರತಕ್ಕದ್ದು. ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಒಬ್ಬರ ಮನೆಯಲ್ಲಿರುವಾಗ ಮತ್ತೊಬ್ಬರು ಶನಿವಾರ ಭಾನುವಾರಗಳಲ್ಲಿ ಅವನನ್ನು ಕಾಣಬಹುದು. ವಿದ್ಯಾಭ್ಯಾಸ ಮೊದಲಾದ ವೆಚ್ಚಗಳನ್ನು ಇಬ್ಬರೂ ಸಮನಾಗಿ ವಹಿಸತಕ್ಕದ್ದು. ದೂರವಾಣಿಯಲ್ಲಿಯೋ ಮುಖ ಕಾಣುವ ಕರೆಯಲ್ಲಿಯೋ ಮಾತನಾಡಲು ಬಾಲಕನಿಗೆ ಅವಕಾಶವಿರತಕ್ಕದ್ದು. 2015ರ ಮೇ ತಿಂಗಳಲ್ಲಿ ಭಾರತದ ಕಾನೂನು ಆಯೋಗವು ಮಕ್ಕಳ ಪಾಲನೆಯ ಕಾನೂನನ್ನು ಕುರಿತ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ವಿಶೇಷವಾಗಿ ಉದಾಹರಿಸಿತು.

ನ್ಯಾಯದ ತಕ್ಕಡಿ ಇಷ್ಟು ಸಮನಾಗಿ ನಿಲ್ಲುವುದು ಅಪರೂಪ. ಆದರೆ ಬಾವಿಗೂ ಮಗುವಿಗೂ ಒಂದು ಭೇದವಿದೆ. ಯಾರು ಸೇದಿದರೆಂಬುದು ಬಾವಿಗೆ ತಿಳಿಯದು. ಒಬ್ಬರು ಸೇದುವಾಗ ಮತ್ತೊಬ್ಬರನ್ನು ಬೈದರೂ ನೀರು ಕಹಿಯಾಗುವುದಿಲ್ಲ. ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಆದುದರಿಂದ ದಿನಗಳನ್ನು ಹಂಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಂಚಿದ ಮೇಲೆ ಏನು ಆಗತಕ್ಕದ್ದು ಎಂಬುದೇ ಇಲ್ಲಿಯ ಮುಖ್ಯ ವಿಚಾರ.

ಹಿಂದಿನ ಕಾಲದವರಿಗೆ ಈ ತೊಡಕು ಇರಲಿಲ್ಲವೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ವಿವಾಹವು ಬಿಡಲಾಗದ ಸಂಸ್ಕಾರವೆಂದು ನಂಬಿದ ಮನೆಗಳಲ್ಲಿಯೂ ಮುರಿದ ಸಂಸಾರಗಳಿದ್ದುವು. ಅದಕ್ಕೆ ಹೆಸರು ಮಾತ್ರ ಇರಲಿಲ್ಲ. ಮಗಳು ತವರಿಗೆ ಬಂದಳು, ಮತ್ತೆ ಹೋಗಲಿಲ್ಲ ಎಂದು ಎರಡೇ ಮಾತಿನಲ್ಲಿ ಮುಗಿಸಿ ಕದವಿಕ್ಕುತ್ತಿದ್ದರು. ಅವಳೊಡನೆ ಬಂದ ಕೂಸು ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆಯುತ್ತಿತ್ತು. ತಂದೆಯ ಹೆಸರು ಉಪನಯನದ ದಿನವೋ ಲಗ್ನಪತ್ರಿಕೆ ಬರೆಯುವ ದಿನವೋ ಒಮ್ಮೆ ಹೊರಗೆ ಬರುತ್ತಿತ್ತು. ಪಂಚಾಯಿತಿಯ ಮುಂದೆ ಬಿಡುಗಡೆಯಾಗಿ ಹೆಂಗಸು ಕೂಡಿಕೆಯಾಗಬಹುದಾಗಿದ್ದ ಸಮುದಾಯಗಳಲ್ಲಿ ಹೆಣ್ಣಿಗೆ ಸ್ವಲ್ಪ ಸ್ವಾತಂತ್ರ್ಯವಿತ್ತು. ಆದರೆ ಅಲ್ಲಿ ಮಕ್ಕಳು ಸಾಮಾನ್ಯವಾಗಿ ತಂದೆಯ ಮನೆಯ ಸೊತ್ತು. ಅವಳು ಹೊಸ ಮನೆಗೆ ಹೋಗುವಾಗ ಹಳೆಯ ಹೊಸಲಿನಲ್ಲಿ ಮಗುವನ್ನು ಇಳಿಸಿಯೇ ಹೋಗಬೇಕಾಗುತ್ತಿತ್ತು.

ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬಗಳಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಅಲ್ಲಿ ಮಗು ಹುಟ್ಟಿದ ಗಳಿಗೆಯಿಂದ ತಾಯಿಯ ಬಳಿಗೆ, ತಾಯಿಯ ಕವರಿಗೆ ಸೇರಿದುದು. ದಾಂಪತ್ಯ ಮುರಿದರೂ ಮಗುವಿನ ಮನೆತನ ಬದಲಾಗುತ್ತಿರಲಿಲ್ಲ. ತಂದೆಗೆ ಮಕ್ಕಳ ಮೇಲೆ ಇದ್ದುದು ಹೆಚ್ಚಾಗಿ ಮಮತೆಯ ಹಕ್ಕು; ಆಸ್ತಿಯೂ ಅಧಿಕಾರವೂ ಸೋದರಮಾವನ ಕಡೆಗೆ. 1949ರ ಮದರಾಸು ಅಳಿಯಸಂತಾನ ಕಾನೂನು ಈ ವಿವಾಹಗಳಿಗೂ ಅವುಗಳ ವಿಚ್ಛೇದನಕ್ಕೂ ಒಂದು ಲಿಖಿತ ಕ್ರಮವನ್ನು ಒದಗಿಸಿತು. ಹೀಗೆ ಒಂದೇ ಕನ್ನಡ ನಾಡಿನಲ್ಲಿ ಘಟ್ಟದ ಮೇಲೆ ಮಗು ತಂದೆಯದು, ಘಟ್ಟದ ಕೆಳಗೆ ತಾಯಿಯದು. ಎರಡು ಕಡೆಯೂ ಮಗು ಒಬ್ಬರದು ಎಂಬುದನ್ನು ಮಾತ್ರ ಯಾರೂ ಸಂದೇಹಿಸಲಿಲ್ಲ. ಇಬ್ಬರದೂ ಆಗಿರಬಹುದು ಎಂಬ ಭಾವನೆ ಹೊಸದು. ಅದಕ್ಕೆ ಕಾನೂನಿನಲ್ಲಿ ಸ್ಥಳ ಸಿಕ್ಕಿದುದು ನಿಧಾನವಾಗಿ.

ಇಂದು ಜಾರಿಯಲ್ಲಿರುವ ಹಳೆಯ ಕಾನೂನುಗಳಲ್ಲಿ ಒಂದು ಪಾಲಕರನ್ನೂ ಪಾಲ್ಯರನ್ನೂ ಕುರಿತ 1890ರದು. ಮಗುವಿನ ಹಿತವನ್ನು ನೋಡಬೇಕೆಂದು ಅದು ಹೇಳಿತು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಗಮನಿಸಬಹುದೆಂದು ಹೇಳಿತು. 1955ರ ಹಿಂದೂ ವಿವಾಹ ಕಾನೂನು ವಿಚ್ಛೇದನಕ್ಕೆ ದಾರಿ ತೆರೆದಾಗ ಮಕ್ಕಳ ವಾಸ, ಜೀವನಾಂಶ, ವಿದ್ಯಾಭ್ಯಾಸಗಳನ್ನು ಕುರಿತು ಆಜ್ಞೆ ಮಾಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. 1956ರ ಹಿಂದೂ ಅಲ್ಪವಯಸ್ಕರ ಪಾಲನೆಯ ಕಾನೂನು ತಂದೆಯನ್ನು ಸಹಜ ಪಾಲಕನೆಂದೂ, ತಾಯಿ ಅವನ ಅನಂತರದವಳೆಂದೂ ಹೇಳಿ, ಐದು ವರ್ಷ ತುಂಬದ ಕೂಸು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ವಿಧಿಸಿತು. ಮುಸಲ್ಮಾನರಲ್ಲಿ ಹನಫೀ ಸಂಪ್ರದಾಯದವರಿಗೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ತಾಯಿಯ ಆರೈಕೆಯಲ್ಲಿರುವ ನಿಯಮವುಂಟು. ಧರ್ಮಗಳು ಬೇರೆಯಾದರೂ ಯೋಚನೆಯ ಜಾಡು ಒಂದೇ: ಹಾಲೂಡಿಸುವ ಕಾಲಕ್ಕೆ ತಾಯಿ, ಹೆಸರು ಹೇಳುವ ಕಾಲಕ್ಕೆ ತಂದೆ.

ಈ ಜಾಡು ಬದಲಾದ ಬಗೆಯನ್ನು ತಿಳಿಯಲು ಎರಡು ತೀರ್ಪುಗಳು ಸಾಕು. 1973ರಲ್ಲಿ ಸುಪ್ರೀಂ ಕೋರ್ಟು ಮಕ್ಕಳು ಚರಾಸ್ತಿಯಲ್ಲ, ತಂದೆತಾಯಿಗಳ ಆಟದ ಬೊಂಬೆಗಳೂ ಅಲ್ಲ ಎಂಬ ಅರ್ಥದ ಮಾತನ್ನು ಆಡಿತು. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ, ತಂದೆಯ ಅನಂತರ ತಾಯಿ ಎಂಬ 1956ರ ಮಾತಿಗೆ ತಂದೆ ಸತ್ತ ಅನಂತರ ಎಂದೇ ಅರ್ಥ ಮಾಡಬೇಕಾಗಿಲ್ಲ, ತಂದೆಯು ಮಗುವಿನ ಪಾಲನೆಯಲ್ಲಿ ಇಲ್ಲದಿರುವಾಗ ಎಂದೂ ಅರ್ಥ ಮಾಡಬಹುದು ಎಂದು ಅದೇ ನ್ಯಾಯಾಲಯ ನಿರ್ಣಯಿಸಿತು. ಮಗನ ಹೆಸರಿನಲ್ಲಿ ಹಣ ತೊಡಗಿಸಲು ತಾಯಿಯ ರುಜು ಸಾಲದೆಂದು ಬ್ಯಾಂಕು ಹೇಳಿದುದರಿಂದ ಹುಟ್ಟಿದ ವ್ಯಾಜ್ಯವದು. ಒಂದು ರುಜುವಿನ ಪ್ರಶ್ನೆ ದೇಶದ ಎಲ್ಲ ಹಿಂದೂ ತಾಯಂದಿರ ಸ್ಥಾನದ ಪ್ರಶ್ನೆಯಾಯಿತು. ಆದರೂ ಶಾಸನದ ಹಳೆಯ ಮಾತು ಪುಸ್ತಕದಲ್ಲಿ ಹಾಗೆಯೇ ಇದೆ. ಅದನ್ನು ತಿದ್ದಬೇಕೆಂದು ಕಾನೂನು ಆಯೋಗವು 1989ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಹೇಳಿದುದು ವರದಿಯಾಗಿಯೇ ಉಳಿದಿದೆ.

ಶಾಸನದ ಮಾತು ಹೀಗಿರಲಿ. ಅದು ಬಂದು ಮುಟ್ಟುವುದು ಬೀದಿಬೀದಿಯ ಮನೆಗಳನ್ನು. ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಬಹುದು. ರಾಜಾಜಿಯವರ ಹೆಸರು ಹೊತ್ತ ರಾಜಾಜಿನಗರ, ಅದಕ್ಕೆ ಅಂಟಿಕೊಂಡ ಬಸವೇಶ್ವರನಗರ, ಮಾಗಡಿ ರಸ್ತೆಯ ಆಚೆಗೆ ವಿಜಯನಗರ, ಮೈಸೂರು ರಸ್ತೆಯ ಕೊನೆಗೆ ಕೆಂಗೇರಿ. ಇವು ಹೆಚ್ಚಾಗಿ ಸಂಬಳದವರ ಬಡಾವಣೆಗಳು. ಮೂವತ್ತು ನಲವತ್ತಡಿಯ ನಿವೇಶನದಲ್ಲಿ ತಂದೆಯು ಉಳಿತಾಯದ ಹಣದಿಂದ ನೆಲಮನೆ ಕಟ್ಟಿಸುತ್ತಾನೆ. ನಿವೃತ್ತಿಯ ಹಣ ಬಂದಾಗ ಮಹಡಿ ಏಳುತ್ತದೆ. ಮಹಡಿಯನ್ನು ಬಾಡಿಗೆಗೆ ಕೊಡುತ್ತಾನೆ. ಮಗಳ ಸಂಸಾರ ಮುರಿದರೆ ಬಾಡಿಗೆಯವರನ್ನು ಬಿಡಿಸಿ ಆ ಮಹಡಿಯಲ್ಲಿ ಅವಳನ್ನೂ ಮೊಮ್ಮಗುವನ್ನೂ ಇರಿಸಿಕೊಳ್ಳುತ್ತಾನೆ. ತವರು ಎಂಬ ಹಳೆಯ ಆಸರೆ ಅಲ್ಲಿ ಮಹಡಿಯ ಮೆಟ್ಟಿಲಾಗಿ ಉಳಿದಿದೆ.

ಅಂಥ ಒಂದು ಸಂಸಾರವನ್ನು ವಾಚಕರು ಊಹಿಸಿಕೊಳ್ಳಬಹುದು. ತಾಯಿ ಬಸವೇಶ್ವರನಗರದಲ್ಲಿ ತನ್ನ ತಂದೆಯ ಮನೆಯ ಮಹಡಿಯಲ್ಲಿದ್ದಾಳೆ. ತಂದೆ ಕೆಂಗೇರಿ ಉಪನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ. ಮಗಳಿಗೆ ಒಂಬತ್ತು ವರ್ಷ; ವಿಜಯನಗರದ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿ. ಇಬ್ಬರೂ ಓದಿದವರು, ಇಬ್ಬರೂ ದುಡಿಯುವವರು, ಇಬ್ಬರಿಗೂ ಮಗಳ ಮೇಲೆ ಪ್ರಾಣ. ಅವರಿಬ್ಬರ ನಡುವೆ ಏನಾಯಿತು ಎಂಬುದು ಇಲ್ಲಿ ಬೇಡ. ಅದು ಬೀದಿಯವರಿಗೆಲ್ಲ ಬೇಕಾದ ಕಥೆ. ಮಗುವಿಗೆ ಬೇಡವಾದ ಕಥೆ.

ಇವರ ವ್ಯವಹಾರ ಬಂದು ನಿಲ್ಲುವುದು ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ನಗರದ ಕೌಟುಂಬಿಕ ನ್ಯಾಯಾಲಯಗಳು ಅಲ್ಲಿವೆ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅಲ್ಲಿಯೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾನೂನು ವಾದವಿವಾದಕ್ಕಿಂತ ಮೊದಲು ರಾಜಿಯ ಪ್ರಯತ್ನವಾಗಬೇಕೆಂದು ಬಯಸುತ್ತದೆ. ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಕಕ್ಷಿಗಾರನ ಹಕ್ಕಲ್ಲ, ನ್ಯಾಯಾಲಯದ ಅನುಮತಿಯ ವಿಷಯ. ಕೇಳಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲಿನ ಹಿಂದೆ ನಡೆಸಲೂ ಬಹುದು. ಮಧ್ಯಸ್ಥಗಾರನು ಇಬ್ಬರನ್ನೂ ಒಂದು ಮೇಜಿನ ಎರಡು ಕಡೆ ಕೂರಿಸುತ್ತಾನೆ. ಮನೆಯ ಸಾಲ, ಒಡವೆ, ಮದುವೆಯ ಖರ್ಚು ಇವುಗಳ ಲೆಕ್ಕ ಪುಟಗಟ್ಟಲೆ ನಡೆಯುತ್ತದೆ. ಮಗುವಿನ ವಿಚಾರ ಕೆಲವೊಮ್ಮೆ ಕಡೆಯಲ್ಲಿ ಒಂದೇ ಕಲಮಿಗೆ ಬರುತ್ತದೆ: ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಭೇಟಿಯ ಅವಕಾಶವಿರತಕ್ಕದ್ದು. ಇಬ್ಬರೂ ರುಜು ಮಾಡಿ ಹೊರಗೆ ಬರುತ್ತಾರೆ. ಆ ಒಂದು ಸಾಲಿನಲ್ಲಿ ಒಂದು ಬಾಲ್ಯವೆಲ್ಲ ಇರಬೇಕಾಗಿದೆ ಎಂಬುದು ಆಗ್ಗೆ ಇಬ್ಬರಿಗೂ ಹೊಳೆಯುವುದಿಲ್ಲ.

ಏಕೆಂದರೆ ಮುಂದಿನ ಪ್ರಶ್ನೆಗಳೆಲ್ಲ ಆ ಸಾಲಿನ ಹೊರಗೆ ಇವೆ. ಭೇಟಿ ಎಲ್ಲಿ? ನ್ಯಾಯಾಲಯದ ಆವರಣದಲ್ಲಿಯೋ, ಉದ್ಯಾನದಲ್ಲಿಯೋ, ಅಂಗಡಿಗಳ ಮಾಲಿನಲ್ಲಿಯೋ, ತಂದೆಯ ಮನೆಯಲ್ಲಿಯೋ? ತಂದೆಯನ್ನು ಮಾಲಿನಲ್ಲಿಯೇ ಕಾಣುವ ಮಗುವಿಗೆ ತಂದೆಯೆಂದರೆ ತಿಂಡಿ ಕೊಡಿಸುವವನು. ಅವನು ಬಟ್ಟೆ ಒಗೆಯುವುದನ್ನು, ಲೆಕ್ಕ ಬರೆಯುವುದನ್ನು, ತಲೆನೋವಿನಿಂದ ಮಲಗಿರುವುದನ್ನು ಅದು ಕಾಣುವುದೇ ಇಲ್ಲ. ದಸರೆಯ ರಜೆ ಯಾರಿಗೆ, ಬೇಸಗೆಯ ರಜೆ ಯಾರಿಗೆ? ಹುಟ್ಟುಹಬ್ಬದ ದಿನ ಆರತಿ ಎತ್ತುವವರು ಯಾರು? ಯುಗಾದಿಯ ಬೆಳಗ್ಗೆ ಎಣ್ಣೆ ಒತ್ತುವವರು ಯಾರು? ಶಾಲೆಯ ಪ್ರಗತಿಪತ್ರಕ್ಕೆ ಯಾರ ರುಜು? ಜ್ವರ ಬಂದರೆ ಸರದಿ ತಪ್ಪಿತೆ, ಮುಂದಕ್ಕೆ ಹೋಯಿತೆ? ಪಾಸ್‌ಪೋರ್ಟು ಯಾರ ಪೆಟ್ಟಿಗೆಯಲ್ಲಿ? ಇವು ಸಣ್ಣ ಪ್ರಶ್ನೆಗಳಂತೆ ಕಂಡರೂ, ಬರೆಯದೆ ಬಿಟ್ಟ ಒಂದೊಂದು ಪ್ರಶ್ನೆಯೂ ಮುಂದೆ ಒಂದೊಂದು ಜಗಳವಾಗುತ್ತದೆ. ಜಗಳ ನಡೆಯುವುದು ಮಗುವಿನ ಎದುರಿಗೆ. ಆದುದರಿಂದಲೇ ಕಾನೂನು ಆಯೋಗವು ತಂದೆತಾಯಿಗಳು ಪಾಲನೆಯ ಯೋಜನೆಯೊಂದನ್ನು ವಿವರವಾಗಿ ಬರೆದುಕೊಳ್ಳಬೇಕೆಂದು 2015ರಲ್ಲಿ ಸೂಚಿಸಿತು. ಅಜ್ಜಿ ತಾತಂದಿರೊಡನೆ ಮಗು ಕಳೆಯಬೇಕಾದ ಕಾಲವನ್ನೂ ಅದು ಮರೆಯಲಿಲ್ಲ. ಕನ್ನಡದ ಮನೆಗಳಲ್ಲಿ ಮಕ್ಕಳನ್ನು ಅರ್ಧ ಬೆಳೆಸುವವರು ಅವರೇ ಎಂಬುದನ್ನು ನೆನೆದರೆ ಇದು ತಕ್ಕ ಸೂಚನೆ.

ದೂರದ ಲೆಕ್ಕವೂ ಸಣ್ಣದಲ್ಲ. ಆರು ತಿಂಗಳಿಗೊಮ್ಮೆ ಮನೆ ಬದಲಾಗುವ 2013ರ ಏರ್ಪಾಡನ್ನು ಶಾಲೆಯ ವರ್ಷದ ಮೇಲಿಟ್ಟು ನೋಡಿದರೆ ಇದು ತಿಳಿಯುತ್ತದೆ. ಶಾಲೆ ತೆರೆಯುವುದು ಜೂನಿನ ಹೊತ್ತಿಗೆ; ಪರೀಕ್ಷೆ ಮಾರ್ಚಿನ ಹೊತ್ತಿಗೆ. ಅಂದರೆ ಮಗುವು ವರ್ಷವನ್ನು ಒಂದು ಮನೆಯಿಂದ ಆರಂಭಿಸಿ, ಒಂದೇ ತಿಂಗಳಲ್ಲಿ ಇನ್ನೊಂದು ಮನೆಗೆ ಹೋಗಿ, ಪರೀಕ್ಷೆಯ ಮುನ್ನ ಮತ್ತೆ ಮೊದಲಿನ ಮನೆಗೆ ಬರಬೇಕು. ಎರಡು ಮನೆಗಳಿಂದಲೂ ಶಾಲೆ ಕೈಗೆಟುಕುವಷ್ಟು ದೂರದಲ್ಲಿದ್ದರೆ ಮಾತ್ರ ಇದು ಸಾಧ್ಯ. ನೇರಳೆ ಮಾರ್ಗದ ಮೆಟ್ರೋ ರೈಲು 2021ರ ಆಗಸ್ಟಿನಲ್ಲಿ ಕೆಂಗೇರಿಯನ್ನು ಮುಟ್ಟಿದ ಮೇಲೆ ಮೇಲ್ಕಂಡ ತಂದೆಗೆ ವಿಜಯನಗರದ ಶಾಲೆ ಹತ್ತಿರವಾಯಿತು. ಬೆಳಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗಬಲ್ಲನು. ಅವನು ಉದ್ಯೋಗದ ಸಲುವಾಗಿ ವೈಟ್‌ಫೀಲ್ಡಿಗೆ ಮನೆ ಬದಲಾಯಿಸಿದನೆಂದರೆ, ಅದೇ ಮಾರ್ಗ ಚಲ್ಲಘಟ್ಟದಿಂದ ಅಲ್ಲಿಗೆ ಸುಮಾರು 43 ಕಿಲೋಮೀಟರು ಉದ್ದವೆಂಬುದನ್ನು ನೆನೆಯಬೇಕು. ಮಗುವಿನ ಮೇಲಿನ ಹಕ್ಕನ್ನು ಕೇಳುವವರು ಮೊದಲು ಮಗುವಿನ ಶಾಲೆಯ ಹತ್ತಿರ ಮನೆ ಹುಡುಕಬೇಕು. ಮಮತೆಯನ್ನು ಅಳೆಯಲು ಬೇರೆ ಸಾಧನಗಳಿರಬಹುದು. ಇದು ಸುಳ್ಳು ಹೇಳದ ಸಾಧನ.

ಇಷ್ಟೆಲ್ಲ ಸರಿಹೋಯಿತೆಂದೇ ಇಟ್ಟುಕೊಳ್ಳೋಣ. ಯೋಜನೆ ಬರೆದುದಾಯಿತು, ಮನೆಗಳು ಹತ್ತಿರವಾದುವು, ಎರಡು ಕಡೆಯೂ ಒಂದೊಂದು ಹಲ್ಲುಜ್ಜುವ ಕುಂಚ, ಒಂದೊಂದು ಹೊದಿಕೆ, ಒಂದೊಂದು ಜೊತೆ ಸಮವಸ್ತ್ರ. ಈಗ ಭಾನುವಾರದ ಸಂಜೆ ಮಗಳು ಕೆಂಗೇರಿಯಿಂದ ಬಸವೇಶ್ವರನಗರಕ್ಕೆ ಬಂದು ಮಹಡಿಯ ಮೆಟ್ಟಿಲು ಹತ್ತುತ್ತಾಳೆ. ಅವಳ ಮನಸ್ಸಿನಲ್ಲಿ ಎರಡು ದಿನದ ಸುದ್ದಿ ತುಂಬಿದೆ. ಅಪ್ಪ ಒಂದು ಬೆಕ್ಕಿನ ಮರಿಗೆ ಹಾಲು ಹಾಕಿದರು. ಅಪ್ಪನ ಮನೆಯ ಹತ್ತಿರ ಹೊಸ ಗೆಳತಿಯೊಬ್ಬಳು ಸಿಕ್ಕಿದಳು. ರಾತ್ರಿ ಅಪ್ಪ ಹಾಡು ಹೇಳಿದರು. ಬಾಗಿಲಿನಲ್ಲಿ ನಿಂತ ತಾಯಿಯ ಮುಖವನ್ನು ಅವಳು ಒಮ್ಮೆ ನೋಡುತ್ತಾಳೆ. ಆ ನೋಟದಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಮುಖ ಬಿಗಿದಿದ್ದರೆ ಸುದ್ದಿಯೆಲ್ಲ ಒಳಗೇ ಉಳಿಯುತ್ತದೆ. ಹೇಗಿತ್ತೆಂದು ಕೇಳಿದರೆ ಮಗಳು, “ಚೆನ್ನಾಗಿತ್ತಮ್ಮ” ಎಂದು ಹೇಳಿ ಚೀಲವನ್ನು ಇಡುತ್ತಾಳೆ. ಮುಂದಿನ ವಾರ ತಂದೆಯ ಮನೆಯಲ್ಲಿ ತಾಯಿಯ ಸುದ್ದಿಗೂ ಇದೇ ಗತಿ. ಹೀಗೆ ಒಂಬತ್ತು ವರ್ಷದ ಹುಡುಗಿ ಎರಡು ನಾಲಗೆಗಳನ್ನು ಕಲಿಯುತ್ತಾಳೆ. ಒಂದು ಮನೆಗೆ ಒಂದು.

ಎರಡು ಮನೆಗಳಿಂದ ಮಗು ಕೆಡುವುದಿಲ್ಲ. ಹಳೆಯ ಕಾಲದ ಮಕ್ಕಳಿಗೆ ಅಜ್ಜಿಯ ಮನೆ, ಸೋದರಮಾವನ ಮನೆ, ಓದಲು ಇಟ್ಟ ಬಂಧುಗಳ ಮನೆ ಎಂದು ಮೂರು ನಾಲ್ಕು ಮನೆಗಳಿದ್ದುವು. ವಾರಾನ್ನದ ಹುಡುಗನಿಗೆ ಏಳು ಮನೆಗಳು. ಮಗು ಕೆಡುವುದು ಒಂದು ಮನೆಯಲ್ಲಿ ಇನ್ನೊಂದು ಮನೆಯ ಹೆಸರೆತ್ತಲು ಹೆದರುವಾಗ. ಆದುದರಿಂದ ಯಾವ ಏರ್ಪಾಡು ಒಳ್ಳೆಯದು, ಆರು ತಿಂಗಳ ಸರದಿಯೋ ವಾರದ ಎರಡು ದಿನವೋ ಎಂದು ಕೇಳುವವರಿಗೆ ಒಂದೇ ಪರೀಕ್ಷೆಯನ್ನು ಹೇಳಬಹುದು. ತಾಯಿಯ ಮನೆಯ ಊಟದ ಹೊತ್ತಿನಲ್ಲಿ ತಂದೆಯ ಮಾತನ್ನು ಮಗು ಯಾರ ಮುಖವನ್ನೂ ನೋಡದೆ ಆಡಬಲ್ಲುದೆ? ತಂದೆಯ ಮನೆಯಲ್ಲಿ ತಾಯಿಯ ಮಾತನ್ನು? ಆಡಬಲ್ಲುದಾದರೆ ಏರ್ಪಾಡು ಹೇಗಿದ್ದರೂ ಒಳ್ಳೆಯದು. ಇಲ್ಲವಾದರೆ ದಿನಗಳನ್ನು ಎಷ್ಟು ಸಮನಾಗಿ ಕತ್ತರಿಸಿದರೂ ಮಗುವಿಗೆ ದಕ್ಕಿದುದು ಎರಡು ಅರ್ಧ ಮನೆಗಳು.

ಈ ಭಯ ಹುಟ್ಟುವುದು ಕ್ರೌರ್ಯದಿಂದಲೇ ಎಂದು ತಿಳಿಯಬಾರದು. ಅದು ಮೂರು ಸಾಧಾರಣ ಅಭ್ಯಾಸಗಳಿಂದ ಹುಟ್ಟುತ್ತದೆ. ಮೊದಲನೆಯದು, ಮಗುವನ್ನು ದೂತನನ್ನಾಗಿ ಮಾಡುವುದು: “ಈ ತಿಂಗಳ ಫೀಸು ಇನ್ನೂ ಬಂದಿಲ್ಲವೆಂದು ನಿಮ್ಮಪ್ಪನಿಗೆ ಹೇಳು.” ಎರಡನೆಯದು, ಗೂಢಚಾರನನ್ನಾಗಿ ಮಾಡುವುದು: “ಅಲ್ಲಿಗೆ ಯಾರು ಬಂದಿದ್ದರು? ನಿಮ್ಮಮ್ಮ ಯಾರೊಡನೆ ಫೋನಿನಲ್ಲಿ ಮಾತನಾಡುತ್ತಾಳೆ?” ಮೂರನೆಯದು, ನ್ಯಾಯಾಧೀಶನನ್ನಾಗಿ ಮಾಡುವುದು: “ಯಾರ ಹತ್ತಿರ ಇರುತ್ತೀಯೆ, ನೀನೇ ಹೇಳಿಬಿಡು.” ಮಗುವಿನ ಇಷ್ಟವನ್ನು ಗಮನಿಸಬೇಕೆಂದು ಕಾನೂನು ಹೇಳುವುದು ನಿಜ, ನ್ಯಾಯಾಧೀಶರು ತಮ್ಮ ಕೊಠಡಿಗೆ ಮಗುವನ್ನು ಕರೆಸಿ ಮೆಲ್ಲಗೆ ಮಾತನಾಡಿಸುವುದೂ ಉಂಟು. ಆದರೆ ಮಗುವಿನ ಮಾತನ್ನು ಕೇಳುವುದು ಬೇರೆ, ಮಗುವಿನ ಕೈಗೆ ತೀರ್ಪನ್ನು ಕೊಡುವುದು ಬೇರೆ. ತಾನು ಒಬ್ಬರನ್ನು ಸೋಲಿಸಿದೆನೆಂಬ ಭಾರವನ್ನು ಒಂಬತ್ತು ವರ್ಷದ ಹೆಗಲು ಹೊರಲಾರದು.

ಉತ್ತರಕಾಂಡದ ಕಥೆ ಕನ್ನಡದ ಮನೆಗಳಿಗೆ ಹೊಸದಲ್ಲ. ತುಂಬಿದ ಬಸುರಿಯನ್ನು ಗಂಡ ಕಾಡಿಗೆ ಕಳುಹಿಸಿದ. ಮಕ್ಕಳು ಹುಟ್ಟಿ ಬೆಳೆದುದು ವಾಲ್ಮೀಕಿಯ ಆಶ್ರಮದಲ್ಲಿ. ಸೀತೆಗಾದ ಅನ್ಯಾಯಕ್ಕಿಂತ ದೊಡ್ಡ ಅನ್ಯಾಯವನ್ನು ಯಾವ ಮಹಡಿಯ ಮನೆಯ ತಾಯಿಯೂ ಹೇಳಿಕೊಳ್ಳಲಾರಳು. ಆದರೂ ಆ ಹುಡುಗರ ಬಾಯಿಗೆ ಬಂದುದು ತಂದೆಯ ಮೇಲಿನ ದೂರಲ್ಲ, ತಂದೆಯ ಕಥೆ. ಅವನ ಯಾಗಶಾಲೆಯಲ್ಲಿಯೇ, ಅವನು ತಂದೆಯೆಂದು ಅರಿಯದೆ, ಅವರು ಅದನ್ನು ಹಾಡಿದರು. ಆಶ್ರಮದ ಹಿರಿಯರು ತಂದೆಯನ್ನು ಕ್ಷಮಿಸಿದ್ದರೆಂದು ಇದರ ಅರ್ಥವಲ್ಲ. ತಾಯಿಗೆ ಬಾಕಿಯಿದ್ದ ನ್ಯಾಯವನ್ನು ಮಕ್ಕಳ ನಾಲಗೆಯಿಂದ ವಸೂಲು ಮಾಡಬಾರದೆಂಬ ವಿವೇಕ ಅಲ್ಲಿತ್ತು, ಅಷ್ಟೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ಬಲವಾದ ಆಕ್ಷೇಪಣೆ. ಹೊಡೆಯುವ ಗಂಡನಿಗೂ ಈ ಮಾತು ಅನ್ವಯಿಸುತ್ತದೆಯೆ? ಕುಡಿದು ಬಂದು ಮಗುವಿನ ಎದುರಿಗೆ ತಾಯಿಯ ಮೇಲೆ ಕೈಮಾಡಿದವನ ಮನೆಗೆ ಮಗುವನ್ನು ಸರದಿಯ ಮೇಲೆ ಕಳುಹಿಸಬೇಕೆ? ಬೇಡ. ಸರದಿಯ ನ್ಯಾಯವು ಇಬ್ಬರೂ ಮಗುವಿಗೆ ಕ್ಷೇಮವಾದವರು ಎಂಬ ತಳಹದಿಯ ಮೇಲೆ ನಿಂತಿದೆ. ತಳಹದಿ ಇಲ್ಲದೆಡೆ ಕಟ್ಟಡವೇಕೆ? ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ. ಭೇಟಿಯಿಂದ ಮಗುವಿಗೆ ಕೇಡಾಗುವಂತಿದ್ದರೆ ಭೇಟಿಯನ್ನೇ ನಿರಾಕರಿಸಬೇಕೆಂದೂ ಹೇಳಿದೆ. ಅಂಥ ಮನೆಯಿಂದ ಬಂದ ಮಗುವಿಗೆ ತಂದೆಯ ಹೊಗಳಿಕೆಯನ್ನು ಕಲಿಸಬೇಕಾಗಿಲ್ಲ. ನಿಜವನ್ನು, ಅದರ ವಯಸ್ಸಿಗೆ ತಕ್ಕಷ್ಟು, ಸಮಾಧಾನದ ಧ್ವನಿಯಲ್ಲಿ ಹೇಳಿದರೆ ಸಾಕು.

ಇನ್ನೊಂದು ಆಕ್ಷೇಪಣೆ ತಾಯಂದಿರದು. ಇಬ್ಬರೂ ಸಮಾನರೆಂದು ತೀರ್ಪಿನಲ್ಲಿ ಬರೆಯುವುದು ಸುಲಭ. ರಾತ್ರಿ ಎದ್ದು ವಾಂತಿಯನ್ನು ಒರೆಸಿದವರು ಯಾರು, ಹೇನು ತೆಗೆದವರು ಯಾರು, ಕೆಲಸದಲ್ಲಿ ಬಡ್ತಿ ಬಿಟ್ಟವರು ಯಾರು ಎಂಬ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಮಗುವಿನ ಆರೈಕೆ ಮಾಡುವಾಗ ಕಾಣದಿದ್ದವರು ಬೇರೆಯಾದ ಮೇಲೆ ಅರ್ಧ ವರ್ಷವನ್ನು ಕೇಳುವುದು ಮಮತೆಯೋ, ಜೀವನಾಂಶವನ್ನು ತಪ್ಪಿಸಿಕೊಳ್ಳುವ ಉಪಾಯವೋ? ಈ ಸಂದೇಹ ಅಕಾರಣವಾದುದಲ್ಲ. ಸಮಪಾಲನ್ನು ಕೇಳುವವನು ಸಮಕೆಲಸವನ್ನೂ ಕೇಳಿಕೊಳ್ಳತಕ್ಕದ್ದು. ಆದರೆ ತಿರುವುಮುರುವಾದ ವಾದವೂ ಸಲ್ಲದು. ಹಣ ಕೊಡದವನಿಗೆ ಮಗುವನ್ನು ತೋರಿಸುವುದಿಲ್ಲವೆಂದರೆ ಭೇಟಿಯು ಬಾಡಿಗೆಯಾಯಿತು. ಮಗುವನ್ನು ತೋರಿಸದವಳಿಗೆ ಹಣ ಕೊಡುವುದಿಲ್ಲವೆಂದರೆ ಅನ್ನವು ಒತ್ತೆಯಾಯಿತು. ಎರಡೂ ಮಗುವಿನ ಹಕ್ಕುಗಳು. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡುವ ಅಧಿಕಾರ ಯಾರಿಗೂ ಇಲ್ಲ. ಇಬ್ಬರು ಪಾಲಕರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ ವಿವರಿಸಿದೆ. ದೂರದಲ್ಲಿರುವ ತಂದೆಯಾಗಲಿ ತಾಯಿಯಾಗಲಿ ದಿನವೂ ಐದು ಹತ್ತು ನಿಮಿಷ ಮಗುವಿನೊಡನೆ ಮಾತನಾಡಲು ಅವಕಾಶವಿರಬೇಕೆಂಬ ವಿಚಾರವೂ ಅದರಲ್ಲಿದೆ.

ಕಾನೂನಿನಲ್ಲಿ ಒಂದು ಒಳ್ಳೆಯ ಗುಣವಿದೆ. ಒಡವೆಯ ಪಾಲು ಒಮ್ಮೆ ಆಯಿತೆಂದರೆ ಆಯಿತು. ಮಗುವಿನ ವಿಚಾರದ ಆಜ್ಞೆಯನ್ನು ಮಾತ್ರ ಆಗಾಗ್ಗೆ ತಿದ್ದಬಹುದು. 1955ರ ಕಾನೂನೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೂರು ವರ್ಷದ ಕೂಸಿಗೆ ಹೊಂದಿದ ಏರ್ಪಾಡು ಹದಿಮೂರರ ಹುಡುಗಿಗೆ ಹೊಂದುವುದಿಲ್ಲ. ಲಂಗ ಚಿಕ್ಕದಾದಾಗ ಅಂಚು ಬಿಚ್ಚಿ ಉದ್ದ ಮಾಡುವಂತೆ ಇದನ್ನೂ ಬಿಚ್ಚಿ ಹೊಲಿಯಬೇಕು. ಅದಕ್ಕೆ ಪ್ರತಿಸಲ ಎಚ್. ಸಿದ್ಧಯ್ಯ ರಸ್ತೆಗೆ ಹೋಗಬೇಕ���, ಊಟದ ಮನೆಯ ಫೋನಿನಲ್ಲಿಯೇ ಮುಗಿಸಬೇಕೆ ಎಂಬುದು ಆ ಇಬ್ಬರ ಸಂಸ್ಕಾರಕ್ಕೆ ಬಿಟ್ಟುದು.

ಆ ಇಬ್ಬರಿಗೆ ಮಾತ್ರ ಬಿಟ್ಟುದೆಂದರೆ ಅದೂ ಪೂರ್ತಿ ನಿಜವಲ್ಲ. ಸುತ್ತಲಿನವರ ಪಾಲೂ ಇದೆ. ನೆಲಮನೆಯಲ್ಲಿರುವ ತಾತ ಅಳಿಯನ ಹೆಸರು ಬಂದೊಡನೆ ಪೇಪರನ್ನು ಮಡಿಸಿ ಏಳುತ್ತಾನೆ. ಅಜ್ಜಿ ಮೊಮ್ಮಗಳ ತಲೆ ಬಾಚುತ್ತ, “ಪಾಪ, ನಿನ್ನ ಹಣೆಯಲ್ಲಿ ಹೀಗೆ ಬರೆದಿತ್ತು” ಎಂದು ನಿಟ್ಟುಸಿರು ಬಿಡುತ್ತಾಳೆ. ತಂದೆಯ ಕಡೆಯ ಅತ್ತೆ, “ನಿಮ್ಮಮ್ಮನಿಗೆ ಅಡಿಗೆಯೇ ಬರುತ್ತಿರಲಿಲ್ಲ” ಎಂದು ನಗುತ್ತಾಳೆ. ಶಾಲೆಯಲ್ಲಿ ವಂಶವೃಕ್ಷವನ್ನು ಬರೆಯಿಸುವ ಉಪಾಧ್ಯಾಯಿನಿ ಎಲ್ಲರೂ ಒಂದೇ ಮನೆಯಲ್ಲಿದ್ದಾರೆಂದು ಭಾವಿಸುತ್ತಾಳೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಮಗುವಿನ ಮೇಲೆ ಕರುಣೆಯುಳ್ಳವರು. ಆದರೆ ಆ ಕರುಣೆಗೆ ಪ್ರತಿಸಲವೂ ಒಂದು ಕಡೆಯನ್ನು ಹಳಿಯದೆ ಇರಲು ಬಾರದು. ವಿದ್ಯಾವಂತರ ಮನೆಗಳು ಕಲಿಯಬೇಕಾದ ಹೊಸ ಮರ್ಯಾದೆ ಇದು: ಬೇರೆಯಾದವರ ಮಗುವಿನ ಎದುರಿಗೆ ಇಬ್ಬರ ಹೆಸರನ್ನೂ ಒಂದೇ ಧ್ವನಿಯಲ್ಲಿ ಹೇಳುವುದು.

ಅದು ಕಷ್ಟದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ನೊಂದವರಿಗೆ ನೋವನ್ನು ನುಂಗಿ ನಗಬೇಕೆಂದು ಹೇಳುವ ಅಧಿಕಾರ ಹೊರಗಿನವರಿಗೆ ಇಲ್ಲ. ಅಳುವಿದ್ದರೆ ಗೆಳತಿಯ ಎದುರಿಗೆ ಅಳಬಹುದು. ಕೋಪವಿದ್ದರೆ ವಕೀಲರ ಮುಂದೆ ಹೇಳಬಹುದು. ಮಗು ಮಲಗಿದ ಮೇಲೆ ಗೋಡೆಯನ್ನು ನೋಡುತ್ತ ಕುಳಿತುಕೊಳ್ಳಬಹುದು. ಮಗುವಿನಿಂದ ಬಚ್ಚಿಡಬೇಕಾದುದು ನೋವನ್ನಲ್ಲ, ನೋವಿನ ಪಕ್ಷ ವಹಿಸುವ ಕೆಲಸವನ್ನು.

ಬಸವೇಶ್ವರನಗರದ ಆ ಮಹಡಿಯಲ್ಲಿ ಒಂದು ಭಾನುವಾರ ಮಗಳು ಚೀಲವನ್ನು ಇಟ್ಟು, ಕಾಲು ತೊಳೆದು, ಎಲೆಯ ಮುಂದೆ ಕುಳಿತು ತಾನಾಗಿಯೇ, “ಅಮ್ಮ, ಇವತ್ತು ಅಪ್ಪ ಉಪ್ಪಿಟ್ಟು ಮಾಡಿದ್ರು, ಬರೀ ಉಪ್ಪು” ಎಂದು ಹೇಳಿದಳೆನ್ನಿ. ತಾಯಿ ಒಂದು ಗಳಿಗೆ ತಡೆದು, “ತಿಂದೆಯಾ ಮತ್ತೆ?” ಎಂದು ಕೇಳಿದಳೆನ್ನಿ. “ಮೊಸರು ಹಾಕ್ಕೊಂಡು ಇಬ್ಬರೂ ತಿಂದ್ವಿ” ಎಂದು ಮಗಳು ನಕ್ಕರೆ, ಆ ಮನೆಯ ಏರ್ಪಾಡು ನಡೆಯುತ್ತಿದೆ ಎಂದು ತಿಳಿಯಬಹುದು.